ಕೋಟೆಯ ಮುಳ್ಳುಮರ ಕಿತ್ತ ದಿನ

ಏಪ್ರಿಲ್ ತಿಂಗಳ ಕೊನೆಯ ದಿನ ನಾನು ಯಾರನ್ನೂ ಕೋಟೆಗೆ ಕರೆದುಕೊಂಡು ಹೋಗುವುದಿಲ್ಲ. ನನ್ನ ವ್ಯಾನು ಹತ್ತುವವರಿಗೆಲ್ಲ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೇಕಾದರೆ ಹಾಳುಬಿದ್ದ ಮಠ ನೋಡಿ, ಸಂತರ ಬಾವಿಯ ನೀರು ಕುಡಿಯಿರಿ, ಗುಡ್ಡದ ಮೇಲಿನ ರಾಣಿಯ ಗೋರಿ ಹತ್ತಿ ಮೊಣಕಾಲು ನೋಯಿಸಿಕೊಳ್ಳಿ. ನಮ್ಮ ಮನೆಯ ಹಿಂದಿನ ಹೊಲದಲ್ಲಿರುವ ಕೋಟೆಯ ತಂಟೆ ಮಾತ್ರ ಅವತ್ತು ಬೇಡ. ಮಾರನೆಯ ದಿನ ಮೇ ತಿಂಗಳು ಹುಟ್ಟುತ್ತದೆ. ಆ ಸಂಧಿಯಲ್ಲಿ ಅವರು ಒಂದು ಕೋಟೆಯಿಂದ ಇನ್ನೊಂದಕ್ಕೆ ಮನೆ ಬದಲಾಯಿಸುತ್ತಾರೆ. ಸಾಮಾನು ಸಾಗಿಸುತ್ತಿರುವವರ ಮನೆಗೆ ನೆಂಟರು ಬಂದು ನಿಂತರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

'ಅವರು' ಎಂದರೆ ಯಾರು ಎಂದು ಪರದೇಶದವರು ಕೇಳುತ್ತಾರೆ. ಕಣ್ಣಿಗೆ ಕಾಣದೆ ಕೋಟೆಯ ನೆಲದಡಿ ಇರುವವರು, ನಾನು ಹೆಸರು ಹೇಳುವುದಿಲ್ಲ. ನಮ್ಮೂರು ಲಿಸ್‌ಡ್ರಮ್ಮಿನಲ್ಲಿ ಯಾರೂ ಹೇಳುವುದಿಲ್ಲ. 'ಒಳ್ಳೆಯ ಜನ' ಎಂದಷ್ಟೇ ಅಂದು ಬಾಯಿ ಮುಚ್ಚಿಕೊಳ್ಳುತ್ತೇವೆ. ಅವರು ಒಳ್ಳೆಯವರೆಂದೇನಲ್ಲ, ಕೇಳಿಸಿಕೊಂಡುಬಿಟ್ಟರೆ ಕಷ್ಟ ಎಂದು.

ಆದರೆ ಆ ದಿನ ನನ್ನ ಬುದ್ಧಿ ನೆಟ್ಟಗಿರಲಿಲ್ಲ. ಬೆಳಿಗ್ಗೆಯೇ ಅಳಿಯ ನನ್ನ ಮಗಳು ಊನಾಳನ್ನು ಪೇಟೆಯ ಆಸ್ಪತ್ರೆಗೆ ಸೇರಿಸಿದ್ದ. ಚೊಚ್ಚಲ ಹೆರಿಗೆ. "ನೀನು ಬಂದು ಗಲಾಟೆ ಮಾಡ್ಬೇಡಮ್ಮಾ, ಆದ್ಮೇಲೆ ಫೋನ್ ಮಾಡಿಸ್ತೀನಿ" ಎಂದು ಅವಳೇ ಹೇಳಿದ್ದಳು. ಗಲಾಟೆಯಂತೆ! ಅಡುಗೆಮನೆಯಲ್ಲಿ ಕುಳಿತು ಫೋನು ದಿಟ್ಟಿಸುವುದಕ್ಕಿಂತ ಯಾರಿಗಾದರೂ ಮಠ ತೋರಿಸುವುದೇ ವಾಸಿ ಎಂದು ವ್ಯಾನು ತೆಗೆದೆ. ಸಿಕ್ಕಿದ್ದು ಇಂಗೆಬೋರ್ಗ್ ಎಂಬ ಡೆನ್ಮಾರ್ಕಿನ ಹೆಂಗಸು. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಎಲ್ಲವನ್ನೂ ನೋಡಲೇಬೇಕೆನ್ನುವ ಹಟ.

"ನಾಳೆ ಪ್ರಾತಃಕಾಲ ನನ್ನ ವಿಮಾನವಿದೆ. ಕೋಟೆಯನ್ನು ನೋಡದೆ ನಾನು ಹೇಗೆ ಹಿಂದಿರುಗಲಿ?" ಎಂದಳು. ಪುಸ್ತಕದಿಂದ ಕಲಿತ ನಮ್ಮ ಭಾಷೆಯನ್ನು ಅವಳು ಹಾಗೆಯೇ, ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಮಾತಾಡುತ್ತಿದ್ದಳು.

ನಾನು ಆಗುವುದಿಲ್ಲ ಎಂದೆ. ಅಷ್ಟರಲ್ಲಿ ನನ್ನ ಗಂಡ ಫಿಂಟನ್, ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತ ಬಂದವನು, ಬಾಯಿ ಹಾಕಿದ.

"ಹೋಗ್ಲಿ ಬಿಡೇ ಅಟ್ಟಿ. ಅಷ್ಟು ದೂರದಿಂದ ಬಂದಿದಾರೆ ಪಾಪ. ನಾನೇ ತೋರಿಸ್ಕೊಂಡು ಬರ್ತೀನಿ."

ನನ್ನ ಪೂರ್ತಿ ಹೆಸರು ಅಟ್ರ್ಯಾಕ್ಟಾ. ಅಟ್ಟಿ ಎಂದು ಅವನು ರಾಗ ಎಳೆದನೆಂದರೆ ಅವನ ಮನಸ್ಸು ಆಗಲೇ ಹೊರಟು ನಿಂತಿದೆ ಎಂದರ್ಥ. ಪರದೇಶದ ಹೆಂಗಸರ ಮುಂದೆ ಕೋಟೆಯ ಗುಹೆಯೊಳಗೆ ನುಗ್ಗಿ ಶೂರನಾಗುವುದೆಂದರೆ ನನ್ನ ಗಂಡನಿಗೆ ಅರವತ್ತರ ಮೇಲೂ ಪ್ರಾಣ. ನಾನು ಗಟ್ಟಿಯಾಗಿ ಬೇಡ ಎನ್ನಬೇಕಿತ್ತು. ಊನಾಳ ಯೋಚನೆಯಲ್ಲಿ ಬಾಯಿ ಸೋತಿತು, ಸುಮ್ಮನಾದೆ.

ನಮ್ಮ ಕೋಟೆಯನ್ನು ಕಂಡವರೆಲ್ಲ ಮೊದಲು "ಕೋಟೆ ಎಲ್ಲಿ?" ಎಂದೇ ಕೇಳುವುದು. ಗೋಡೆಯಿಲ್ಲ, ಗೋಪುರವಿಲ್ಲ. ಹುಲ್ಲು ಬೆಳೆದ ಮಣ್ಣಿನ ದಿಬ್ಬವೊಂದು ಉಂಗುರದಂತೆ ಸುತ್ತಿಕೊಂಡಿದೆ, ಅದರ ಹೊರಗೆ ಒಂದು ಹಳ್ಳ, ದಿಬ್ಬದ ಮೇಲೆ ಒಂಟಿ ಬಿಳಿಮುಳ್ಳಿನ ಮರ. ಒಳಗಡೆ ನೆಲದಲ್ಲಿ ಒಂದು ಬಿಲ. ಹೊಟ್ಟೆಯ ಮೇಲೆ ತೆವಳಿದರೆ ಕಲ್ಲಿನ ಕೋಣೆಯೊಂದು ಸಿಗುತ್ತದೆ. ದಾಳಿ ಮಾಡುವವರಿಗೆ ಹೆದರಿ ಹಿಂದಿನವರು ಬಚ್ಚಿಟ್ಟುಕೊಳ್ಳುತ್ತಿದ್ದ ಜಾಗ ಅದು. ಕೋಣೆಗೆ ಗಾಳಿ ಬರಲೆಂದು ದಿಬ್ಬದ ಹೊರಮೈಗೆ ಮುಷ್ಟಿ ಗಾತ್ರದ ಒಂದು ಕಿಂಡಿ ಬಿಟ್ಟಿದ್ದಾರೆ.

ಹೋದ ವರ್ಷ ಸರ್ಕಾರದ ಕಡೆಯಿಂದ ಒಬ್ಬಳು ಹುಡುಗಿ ಬಂದು ಎಲ್ಲ ಅಳತೆ ಮಾಡಿ, "ಆ ಮುಳ್ಳುಮರದ ಬೇರು ಚಾವಣಿ ಕಲ್ಲನ್ನ ತಳ್ತಾ ಇದೆ, ಮರ ತೆಗೆಸಿ" ಎಂದಿದ್ದಳು. ಫಿಂಟನ್ ಆಯಿತಮ್ಮ ಆಯಿತಮ್ಮ ಎಂದು ಅವಳಿಗೆ ಚಹಾ ಕೊಟ್ಟು, ಹಣ್ಣಿನ ಬ್ರೆಡ್ಡು ಕೊಟ್ಟು, ಗೇಟಿನವರೆಗೆ ಬಿಟ್ಟು ಬಂದ. ಮರ ಅಲ್ಲೇ ಇತ್ತು. ಕೋಟೆಯ ಮುಳ್ಳುಮರಕ್ಕೆ ಕೊಡಲಿ ಇಡುವ ಗಂಡಸು ಈ ಸೀಮೆಯಲ್ಲಿ ಹುಟ್ಟಿಲ್ಲ. ಹುಟ್ಟಿದ್ದ ಒಬ್ಬ, ನೆರೆಯ ಟ್ಯಾನ್ಸಿ ಮುದುಕ, ಒಂದೇ ಒಂದು ಕೊಂಬೆ ಕಡಿದಿದ್ದ. ಸುಗ್ಗಿ ಬರುವಷ್ಟರಲ್ಲಿ ಅವನ ಬಲಗೈ ಒಣಗಿದ ಕಡ್ಡಿಯಂತೆ ಜೋತುಬಿತ್ತು. ಸಾಯುವವರೆಗೂ ಅವನ ಬೂಟಿನ ದಾರವನ್ನು ಮಗನೇ ಕಟ್ಟುತ್ತಿದ್ದ.

ಟ್ಯಾನ್ಸಿಯ ಕೈಯ ಕಥೆಯನ್ನು ನಾನು ವ್ಯಾನಿನಲ್ಲಿ ಬಂದವರಿಗೆಲ್ಲ ಹೇಳುತ್ತೇನೆ. ಹೇಳದ ಕಥೆ ಇನ್ನೊಂದಿದೆ. ಫಿಂಟನ್‌ನ ಅಪ್ಪ ಮದುವೆಯಾದ ಹೊಸತರಲ್ಲಿ ಕೊಟ್ಟಿಗೆಯ ಹೊಸ್ತಿಲಿಗೆಂದು ಕೋಟೆಯಿಂದ ಕಲ್ಲು ಕಿತ್ತು ತಂದಿದ್ದನಂತೆ. ಆ ವಸಂತದಲ್ಲೇ ಅವರ ಮೊದಲ ಮಗು, ಕಾಯಿಲೆ ಕಸಾಲೆ ಏನೂ ಇಲ್ಲದೆ, ತೊಟ್ಟಿಲಲ್ಲಿ ಮಲಗಿದ್ದು ಮಲಗಿದಂತೆಯೇ ತಣ್ಣಗಾಗಿತ್ತು. ಕಲ್ಲನ್ನು ವಾಪಸು ಇಟ್ಟ ಮೇಲೆಯೇ ಫಿಂಟನ್ ಹುಟ್ಟಿ ಬದುಕಿದ್ದು. ನಮ್ಮ ಮನೆಯವರು ಕೋಟೆಯನ್ನು ಕೆಡಿಸಿದರೆ ಅವರು ತೊಟ್ಟಿಲಿಗೇ ಕೈ ಹಾಕುತ್ತಾರೆ. ಇದನ್ನು ಅತ್ತೆ ನನಗೆ ಒಂದೇ ಸಲ ಹೇಳಿದ್ದು, ಆಮೇಲೆ ಆ ಮಾತು ಎತ್ತಲಿಲ್ಲ. ನಾನೂ ಎತ್ತಿದವಳಲ್ಲ.

ಅವತ್ತು ನಾವು ಹೋದಾಗ ವಾರವಿಡೀ ಸುರಿದ ಮಳೆಗೆ ನೆಲ ಪಿಚಪಿಚ ಎನ್ನುತ್ತಿತ್ತು. ಮರದ ಮೊಗ್ಗು ಬಿರಿಯುತ್ತಿತ್ತು. ದಿಬ್ಬದ ಸಂದಿನಲ್ಲಿ ಫಿಂಟನ್ ಟೋಪಿ ತೆಗೆದು, "ನಿಮ್ಮ ಅಪ್ಪಣೆಯಿಂದ ಬರ್ತಿದೀವಿ" ಎಂದು ಯಾವಾಗಲೂ ಹೇಳುವುದನ್ನು ಹೇಳಿದ. ಇಂಗೆಬೋರ್ಗ್‌ಗೆ ಖುಷಿಯಾಗಿ ಅವಳೂ ಹಾಗೆಯೇ ಅಂದಳು. ಇಬ್ಬರೂ ಬಿಲದೊಳಗೆ ತೆವಳಿದರು. ನಾನು ಒಳಗೆ ಹೋದವಳಲ್ಲ, ಹೋಗುವವಳೂ ಅಲ್ಲ. ಬಿಲದ ಬಾಯಲ್ಲಿ ನಿಂತು ಫೋನು ನೋಡಿದೆ. ಅಲ್ಲಿ ಸಿಗ್ನಲ್ಲಿಲ್ಲ ಎಂದು ಗೊತ್ತಿದ್ದೂ ನೋಡಿದೆ.

ಸ್ವಲ್ಪ ಹೊತ್ತಿಗೆ ಇಂಗೆಬೋರ್ಗ್ ಮೈಯೆಲ್ಲ ಕೆಸರಾಗಿ ಹೊರಬಂದಳು, ಮುಖ ಅರಳಿತ್ತು. "ನನ್ನ ಕನ್ನಡಕವು ಒಳಗೆ ಬಿದ್ದಿದೆ" ಎಂದಳು. ಬಿಲದ ಬಾಯಿಯವರೆಗೆ ಬಂದಿದ್ದ ಫಿಂಟನ್, "ನಾನ್ ತರ್ತೀನಿ ತಾಯಿ, ಇರಿ" ಎಂದವನೇ ತಿರುಗಿದ. ಅವನ ಬೂಟಿನ ಹಿಮ್ಮಡಿ ಕತ್ತಲೆಯಲ್ಲಿ ಮಾಯವಾಯಿತು.

ಆಮೇಲೆ ಧಬ್ ಎಂದಿತು. ದೊಡ್ಡ ಸದ್ದೇನಲ್ಲ. ಆದರೆ ನನ್ನ ಕಾಲ ಕೆಳಗಿನ ನೆಲ ಒಮ್ಮೆ ಕುಸಿದು ನಿಂತಿತು, ಮುಳ್ಳುಮರ ಗಾಳಿಯಿಲ್ಲದೆ ಅಲುಗಿತು, ಬಿಲದ ಬಾಯಿಂದ ಹಳೇ ಮಣ್ಣಿನ ವಾಸನೆಯ ಗಾಳಿ ಮುಖಕ್ಕೆ ಬಡಿಯಿತು.

"ಫಿಂಟನ್!" ಎಂದು ಕಿರುಚಿದೆ. ಇಂಗೆಬೋರ್ಗ್ ಬಗ್ಗಿ ಒಳಗೆ ಟಾರ್ಚು ಬಿಟ್ಟಳು. ತೆವಳುವ ದಾರಿಗೆ ಅಡ್ಡಲಾಗಿ ಚಾವಣಿಯ ಕಲ್ಲು ಬಿದ್ದು, ಅದರ ಮೇಲೆ ಮಣ್ಣು ತುಂಬಿ, ಬೇರುಗಳು ಜೋತಾಡುತ್ತಿದ್ದವು.

ದಿಬ್ಬ ಸುತ್ತಿ ಹೊರಮೈಯ ಗಾಳಿಕಿಂಡಿಗೆ ಓಡಿದೆ. ಮೊಣಕಾಲೂರಿ ಬಾಯಿಟ್ಟು ಕೂಗಿದೆ. ಆಮೇಲೆ ಒಳಗಿಂದ ಕೆಮ್ಮು.

"ಕಿರುಚ್ಬೇಡ ಕಣೇ. ಕಿವಿ ಮಾತ್ರ ನೆಟ್ಟಗಿದೆ, ಅದನ್ನೂ ಕೆಡಿಸ್ತೀಯ."

"ನಿನ್ನ ಮುಖಕ್ಕಿಷ್ಟು! ಏನಾಯ್ತೋ?"

"ಕಾಲು ಕಲ್ಲಿನ ಅಡಿ ಸಿಕ್ಕಿದೆ. ಎಳೆಯಕ್ಕಾಗ್ತಿಲ್ಲ." ಆಮೇಲೆ, "ಅಟ್ಟಿ, ಇಲ್ಲಿ ನೀರು ಬರ್ತಿದೆ" ಎಂದ.

ಕೋಣೆಯ ನೆಲದಡಿ ಒಂದು ಚರಂಡಿಯಿತ್ತು. ಬಿದ್ದ ಮಣ್ಣು ಅದನ್ನು ಕಟ್ಟಿಬಿಟ್ಟಿತ್ತು. ವಾರದ ಮಳೆಯ ನೀರೆಲ್ಲ ಈಗ ಹೊರಗೆ ಹೋಗುವ ದಾರಿಯಿಲ್ಲದೆ ಆ ಕೋಣೆಗೇ ಇಳಿಯುತ್ತಿತ್ತು, ನನ್ನ ಗಂಡ ಅದರಲ್ಲಿ ಕಾಲು ಸಿಕ್ಕಿಕೊಂಡು ಬಿದ್ದಿದ್ದ.

ಗೇಟಿನ ಹತ್ತಿರ ಓಡಿ ಫೋನು ಮಾಡಿದೆ. ಹೆದ್ದಾರಿಯಲ್ಲಿ ಲಾರಿ ಮಗುಚಿ ಅಗ್ನಿಶಾಮಕದವರೆಲ್ಲ ಅಲ್ಲಿದ್ದಾರೆ, ಪಕ್ಕದ ಜಿಲ್ಲೆಯಿಂದ ಕಳಿಸುತ್ತೇವೆ, ಗಂಟೆಯಾಗಬಹುದು ಎಂದರು. "ಅಷ್ಟರಲ್ಲಿ ಹೆಣ ಆಗಿರ್ತಾನೆ!" ಎಂದು ಬಾಯಿ ಬಡಿದುಕೊಂಡೆ. ಧೈರ್ಯವಾಗಿರಿ ಎಂದರು. ಧೈರ್ಯ ಎಲ್ಲಿಂದ ತರುವುದು?

ಎರಡು ಹೊಲ ಆಚೆ ಜಾರ್ಲತ್ ಟ್ಯಾನ್ಸಿ ಜೆಸಿಬಿಯಲ್ಲಿ ಕಾಲುವೆ ಬಗೆಯುತ್ತಿದ್ದ. ಒಣಗಿದ ಕೈಯ ಟ್ಯಾನ್ಸಿಯ ಮಗ, ಅಪ್ಪನ ಬೂಟಿನ ದಾರ ಕಟ್ಟಿದವನು ಇವನೇ. ಮದುವೆ ಗಿದುವೆ ಇಲ್ಲ, ಒಬ್ಬನೇ ಇರುತ್ತಾನೆ. ಮುಳ್ಳುಬೇಲಿಯಲ್ಲಿ ಲಂಗ ಹರಿದುಕೊಂಡು, ಕೆಸರಲ್ಲಿ ಬಿದ್ದು ಎದ್ದು ಅವನ ಹತ್ತಿರ ಓಡಿದೆ.

"ಜಾರ್ಲತ್! ಫಿಂಟನ್ ಗುಹೇಲಿ ಸಿಕ್ಕಾಕೊಂಡಿದಾನೆ! ನೀರು ಏರ್ತಿದೆ! ಯಂತ್ರ ತಗೊಂಡು ಬಾ!"

"ಯಾವ ಗುಹೆ?"

"ಊರಲ್ಲಿ ಎಷ್ಟು ಗುಹೆ ಇದೆಯೋ ಪೆದ್ದು! ಕೋಟೇದು!"

ಅವನು ಎಂಜಿನ್ನು ಆರಿಸಿದ. ಕೆಂಪಗಿದ್ದ ಮುಖ ಸುಣ್ಣ ಹೊಡೆದಂತಾಯಿತು.

"ಕೋಟೇಗೆ ಯಂತ್ರ ತರ್ಬೇಕಾ? ಇವತ್ತಾ? ಅಟ್ಟಿ, ಸನಿಕೆ ತರ್ತೀನಿ. ಕೈಯಲ್ಲೇ ಅಗೆಯೋಣ."

"ಮುಳ್ಳುಮರದ ಬೇರು ಕೋಣೇನೇ ಸುತ್ಕೊಂಡಿದೆ, ನಿನ್ನ ತೊಡೆಗಿಂತ ದಪ್ಪ ಇದೆ ಕಣೋ. ಸನಿಕೇಲಿ ಅಗೆದ್ರೆ ನಾಳೆ ಸಿಗ್ತಾನೆ. ನಿನ್ನ ಕಾಲಿಗೆ ಬೀಳ್ತೀನಿ ಮಾರಾಯ."

"ನಮ್ಮಪ್ಪನ ಕೈ ನೋಡಿದ್ಯಲ್ಲ ನೀನು?"

"ನೋಡಿದೀನಿ."

"ಊಟಕ್ಕೆ ಕೂತಾಗ ಆ ಕೈನ ಎತ್ತಿ ಮೇಜಿನ ಮೇಲೆ ಇಡೋನು. ಇನ್ಯಾರದೋ ಸಾಮಾನು ಇಟ್ಟಂಗೆ." ಅವನು ಹಿಡಿಕೆಯಿಂದ ಕೈ ತೆಗೆದ. "ಬೇರೆ ಏನಾದ್ರೂ ಕೇಳೇ."

ನಾನು ಕೈ ಎತ್ತಿ ಅವನ ಕೆನ್ನೆಗೆ ಹೊಡೆದೆ. ಹೊಡೆಯಬೇಕೆಂದು ಹೊಡೆದದ್ದಲ್ಲ. ಅವನು ಹೆದರಿದ್ದು ಸುಳ್ಳಿಗಲ್ಲ ಎಂದು ನನಗೂ ಗೊತ್ತಿತ್ತು, ಅದಕ್ಕೇ ಅಷ್ಟು ಸಿಟ್ಟು ಬಂದಿತ್ತು. ಅವನು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಸುಮ್ಮನೆ ಎಂಜಿನ್ನು ಹಾಕಿ, ಬೇಲಿ ಮುರಿದು ನಮ್ಮ ಹೊಲಕ್ಕೆ ಬಂದ. ಕೋಟೆಯ ಹಳ್ಳದ ಅಂಚಿಗೆ ಬರುತ್ತಿದ್ದಂತೆ ನಿಂತುಬಿಟ್ಟ.

ಮಳೆ ಮತ್ತೆ ಶುರುವಾಗಿತ್ತು. ಇಂಗೆಬೋರ್ಗ್ ಗಾಳಿಕಿಂಡಿಯ ಸುತ್ತ ಬರಿಗೈಯಲ್ಲಿ ಮಣ್ಣು ಕೆರೆಯುತ್ತಿದ್ದಳು. ಉಗುರೆಲ್ಲ ಕಿತ್ತು ರಕ್ತ ಬರುತ್ತಿತ್ತು. "ನೀರು ಅವರ ಎದೆಯನ್ನು ತಲುಪಿದೆ!" ಎಂದು ಕೂಗಿದಳು. "ಯಂತ್ರವು ಬಂದಿದೆಯಲ್ಲ! ನೀವು ಯಾತಕ್ಕಾಗಿ ಕಾಯುತ್ತಿದ್ದೀರಿ?"

ಅವಳಿಗೆ ಏನೆಂದು ಹೇಳುವುದು? ಜಾರ್ಲತ್ ಸೀಟಿನ ಮೇಲೆ ಕೂತಿದ್ದ, ಹಿಡಿಕೆಯ ಮೇಲಿನ ಎರಡು ಕೈಗಳೂ ಗಡಗಡ ನಡುಗುತ್ತಿದ್ದವು. "ಆಗಲ್ಲ ಅಟ್ಟಿ. ಕೈಗೆ ಬಲಾನೇ ಬರ್ತಿಲ್ಲ" ಎಂದು ಕೆಳಗಿಳಿದ. ಇಳಿದವನು ನನ್ನ ಮುಖ ನೋಡದೆ ಹುಲ್ಲು ನೋಡುತ್ತ ನಿಂತ.

"ಸರಿ, ನಾನೇ ಹತ್ತುತೀನಿ. ಯಾವುದನ್ನ ಎಳೀಬೇಕು ಹೇಳು."

"ಎಡಗಡೇದು ಮುಂದೆ ತಳ್ಳಿದ್ರೆ ತೋಳು ಇಳಿಯತ್ತೆ. ಅಟ್ಟಿ... ಊನಾ ಎಲ್ಲಿದಾಳೆ?"

"ಬೆಳಿಗ್ಗೇನೇ ಆಸ್ಪತ್ರೆಗೆ ಹೋದ್ಲು."

"ಅಯ್ಯೋ ದೇವರೇ" ಎಂದು ಅವನು ಎದೆಯ ಮೇಲೆ ಶಿಲುಬೆ ಬರೆದುಕೊಂಡ. ನೆರೆಯವನಲ್ಲವೇ, ಕಲ್ಲಿನ ಕಥೆ ಅವನಿಗೂ ಗೊತ್ತಿತ್ತು.

ಹತ್ತಿ ಕೂತೆ. ಎದುರಿಗೇ ಮುಳ್ಳುಮರ. ಎಂಜಿನ್ನು ಗುರುಗುಡುತ್ತಿತ್ತು, ಮರದ ಕೊಂಬೆಯಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಈ ಹಿಡಿಕೆ ತಳ್ಳಿದರೆ ನನ್ನ ಗಂಡ ಬದುಕುತ್ತಾನೆ, ಆದರೆ ತಳ್ಳಿದವಳು ಕಲ್ಲು ಕಿತ್ತ ಮನೆಯ ಸೊಸೆ, ಹುಟ್ಟುವ ಮಗು ಅದೇ ಮನೆಯ ಮಗು. ಈಗ, ಇದೇ ಗಳಿಗೆಯಲ್ಲಿ, ಊನಾ ಅಲ್ಲಿ ಹಲ್ಲು ಕಚ್ಚಿಕೊಂಡು ತಿಣುಕುತ್ತಿರಬಹುದು. ತಳ್ಳದಿದ್ದರೆ ಆ ಮಗು ತಾತನ ಮುಖ ನೋಡುವುದಿಲ್ಲ. ಇಬ್ಬರಲ್ಲಿ ಒಬ್ಬರನ್ನು ಆರಿಸು ಎಂದು ಯಾರೋ ಕಿವಿಯ ಹತ್ತಿರ ಕೂತು ನಗುತ್ತಿದ್ದಾರೆ ಅನಿಸಿತು. ಅಷ್ಟು ಭಯ ನನ್ನ ಜನ್ಮದಲ್ಲಿ ಪಟ್ಟಿಲ್ಲ. ಮಾತೆ ಮರಿಯಳೇ, ಮಾತೆ ಮರಿಯಳೇ ಎನ್ನುತ್ತಿದ್ದೆ, ಮುಂದಿನ ಮಾತು ಬರುತ್ತಿರಲಿಲ್ಲ.

"ಎಂಜಿನ್ ಆರಿಸಿ! ಅವರು ಏನನ್ನೋ ಹೇಳುತ್ತಿದ್ದಾರೆ!" ಎಂದು ಇಂಗೆಬೋರ್ಗ್ ಕೂಗಿದಳು.

ಜಾರ್ಲತ್ ಕೈ ಚಾಚಿ ಆರಿಸಿದ. ಕಿಂಡಿಯಿಂದ ಫಿಂಟನ್‌ನ ದನಿ ಬಂತು. ತಮಾಷೆಯೆಲ್ಲ ಹೋಗಿ ತೆಳ್ಳಗಾಗಿತ್ತು.

"ಯಾರು ಯಂತ್ರ ತಂದಿದ್ದು? ಅಟ್ಟಿ, ಮರ ಮುಟ್ಬೇಡಿ. ಕೇಳಿಸ್ತಾ? ಊನಾಗೆ ಆಗೋವರೆಗೂ ಯಾರೂ ಮುಟ್ಬೇಡಿ. ನಾನು ಕಾಯ್ತೀನಿ."

"ನೀರು ಎಲ್ಲೀವರೆಗೆ ಬಂದಿದೆಯೋ?"

"ಇನ್ನೂ ಇದೆ, ಜಾಗ ಇದೆ" ಎಂದ. ಆಮೇಲೆ ನೀರು ಕುಡಿದವನಂತೆ ಕೆಮ್ಮಿದ. ಕೆಮ್ಮು ನಿಲ್ಲಲೇ ಇಲ್ಲ.

ನಾನು ಸೀಟಿನ ಮೇಲೆ ಮುದುರಿಕೊಂಡು ಗಟ್ಟಿಯಾಗಿ ಅತ್ತೆ. ಹಿಡಿಕೆ ಕೈಯಲ್ಲಿತ್ತು, ತಳ್ಳಲಾಗಲಿಲ್ಲ. ಅವನನ್ನು ಸಾಯಲು ಬಿಡುತ್ತಿದ್ದೇನೆ ಎಂದು ಗೊತ್ತಾಗುತ್ತಿತ್ತು, ಆದರೂ ಆಗಲಿಲ್ಲ.

ಆಗ ಜಾರ್ಲತ್ ನನ್ನ ಮುಂಗೈ ಹಿಡಿದ.

"ಇಳಿ."

"ಏನು?"

"ಇಳಿ ಅಂದೆ. ನಿಂಗೆ ಮಗಳಿದಾಳೆ, ನಾಳೆ ಮೊಮ್ಮಗು ಇರತ್ತೆ. ನಂಗೆ ಒಂದು ನಾಯಿ ಇದೆ, ಅದೂ ಮುದಿ. ಇಳಿಯೇ!"

ಎಳೆದೇ ಇಳಿಸಿದ. ಕೋಟು ಬಿಚ್ಚಿ ಒಳಮೈ ಹೊರಗಾಗುವಂತೆ ತಿರುವಿ ತೊಟ್ಟುಕೊಂಡ. ಹಾಗೆ ತೊಟ್ಟವನ ಗುರುತು ಅವರಿಗೆ ಬೇಗ ಸಿಗದು ಎನ್ನುತ್ತಾರೆ. ಆದರೆ ಏನನಿಸಿತೋ, ಮತ್ತೆ ಬಿಚ್ಚಿ ನೆಟ್ಟಗೆ ಹಾಕಿಕೊಂಡ. ಟೋಪಿ ತೆಗೆದ. ಬೋಳುತಲೆಯ ಮೇಲೆ ಮಳೆ ಬೀಳುತ್ತಿತ್ತು. ಮರದ ಕಡೆ ತಿರುಗಿ ಪಾದ್ರಿಯ ಮುಂದೆ ಮಾತಾಡುವವನಂತೆ ಹೇಳಿದ:

"ನಾನು ಜಾರ್ಲತ್ ಟ್ಯಾನ್ಸಿ. ಕೈ ನಂದು, ಯಂತ್ರ ನಂದು. ಈ ಮನೆಯವರು ನನ್ನನ್ನ ಕರೆದಿಲ್ಲ. ಕೇಳೋದಿದ್ರೆ ನನ್ನ ಕೇಳಿ." ಆಮೇಲೆ ನನ್ನ ಕಡೆ ತಿರುಗಿ, "ನೀನೂ ಹೇಳು" ಎಂದ.

"ಏನ್ ಹೇಳ್ಲಿ?"

"ನಾನು ಕರೀಲಿಲ್ಲ ಅಂತ. ಗಟ್ಟಿಯಾಗಿ ಹೇಳು. ಕೇಳಿಸ್ಬೇಕು."

ನನ್ನ ಲಂಗ ಅವನನ್ನು ಕರೆಯಲು ಓಡಿ ಹರಿದದ್ದು. ಅವನ ಕೆನ್ನೆಯ ಮೇಲೆ ನನ್ನ ಬೆರಳು ಇನ್ನೂ ಮೂಡಿತ್ತು. ಒಂದು ಗಳಿಗೆಯಾದರೂ ತಡೆಯಬೇಕಿತ್ತು. ತಡೆಯಲಿಲ್ಲ.

"ನಾನು ಕರೀಲಿಲ್ಲ!" ಎಂದು ಕೂಗಿದೆ. "ನಮ್ಮನೆಯವರು ಯಾರೂ ಕರೀಲಿಲ್ಲ! ಇವನೇ ಬಂದ!"

ಅವನು ತಲೆಯಾಡಿಸಿ ಹತ್ತಿ ಕೂತ. ಈಗ ಅವನ ಕೈ ನಡುಗುತ್ತಿರಲಿಲ್ಲ.

ಯಂತ್ರದ ಹಲ್ಲು ದಿಬ್ಬಕ್ಕೆ ಕಚ್ಚಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಬೇರು ಕಿತ್ತುಬರುವ ಸದ್ದು ಮನುಷ್ಯರು ನರಳಿದ ಹಾಗಿತ್ತು. ಅಲ್ಲ, ಹಾಗೇನೂ ಇರಲಿಲ್ಲ, ಹಸಿ ಬೇರು ಹರಿಯುವ ಸದ್ದೇ. ಆದರೆ ನನ್ನ ಕಿವಿಗೆ ಹಾಗೆಯೇ ಕೇಳಿಸಿತು, ಈಗಲೂ ಕೇಳಿಸುತ್ತದೆ. ಮರ ಅರ್ಧ ಬಿರಿದ ಮೊಗ್ಗಿನ ಸಮೇತ ಹಳ್ಳಕ್ಕೆ ಉರುಳಿತು. ಜಾರ್ಲತ್ ಬದಿಯ ಗೋಡೆಯವರೆಗೆ ಮಣ್ಣು ಬಗೆದು, ಇಳಿದು, ಇಂಗೆಬೋರ್ಗ್ ಜತೆ ಕಲ್ಲನ್ನು ಒಂದೊಂದಾಗಿ ಕೈಯಲ್ಲಿ ಕಿತ್ತ. ಬಾಯಿ ಬಿಟ್ಟ ಸಂದಿನಿಂದ ಕೆಂಪು ನೀರು ಬುಳಬುಳನೆ ಹರಿದು ನಮ್ಮ ಕಾಲು ತೊಳೆಯಿತು. ಅದರ ಹಿಂದೆಯೇ ಫಿಂಟನ್‌ನ ಮುಖ ಕಂಡಿತು. ಗಲ್ಲ ಮೇಲೆತ್ತಿ ಮೂಗನ್ನು ಚಾವಣಿಗೆ ಒತ್ತಿಕೊಂಡಿದ್ದ. ಬಾಯಿ ನೀಲಿಯಾಗಿತ್ತು. 'ಜಾಗ ಇದೆ' ಎಂದವನಿಗೆ ಇದ್ದ ಜಾಗ ಅಷ್ಟೇ.

ಅಗ್ನಿಶಾಮಕದವರು ಬಂದು ಕಾಲಿನ ಮೇಲಿನ ಕಲ್ಲನ್ನು ಎತ್ತಿದರು. ಕಾಲು ಎರಡು ಕಡೆ ಮುರಿದಿತ್ತು, ಜೀವ ನೆಟ್ಟಗಿತ್ತು. ಅವನನ್ನು ಆಂಬುಲೆನ್ಸಿಗೆ ಹತ್ತಿಸಿ ಗೇಟಿನ ಹತ್ತಿರ ಬಂದಾಗ ನನ್ನ ಫೋನು ಬಡಿದುಕೊಂಡಿತು. ಅಳಿಯ. ನಾನು ಎತ್ತಲಿಲ್ಲ. ಎತ್ತಲು ಧೈರ್ಯ ಬರಲಿಲ್ಲ. ಇಂಗೆಬೋರ್ಗ್ ನನ್ನ ಕೈಯಿಂದ ಕಿತ್ತುಕೊಂಡು ಕಿವಿಗಿಟ್ಟಳು.

"ಹೆಣ್ಣುಮಗು. ತಾಯಿ ಮತ್ತು ಮಗು ಇಬ್ಬರೂ ಕ್ಷೇಮವಾಗಿದ್ದಾರೆ" ಎಂದಳು. ಅವಳ ಮುಖ ನೋಡಿದೆ, ಸುಳ್ಳು ಹೇಳುತ್ತಿರಲಿಲ್ಲ. ರಸ್ತೆಯಲ್ಲೇ ಕುಸಿದು ಕೂತು ಅವಳ ಕೆಸರು ಕಾಲು ಹಿಡಿದುಕೊಂಡು ಅತ್ತೆ. ಜಾರ್ಲತ್ ಸ್ವಲ್ಪ ದೂರದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. "ಒಳ್ಳೇದಾಯ್ತು" ಎಂದು ತನಗೇ ಹೇಳಿಕೊಂಡಂತೆ ಹೇಳಿ ಹೊರಟುಹೋದ.

ಅದಾದ ಮೇಲೆ ಊರಿಗೆ ಊರೇ ಜಾರ್ಲತ್‌ನನ್ನು ಕಾಯಲು ಶುರುಮಾಡಿತು. ಕಾಯುವುದೆಂದರೆ ಕಾಪಾಡುವುದಲ್ಲ, ಏನಾಗುತ್ತದೋ ಎಂದು ನೋಡುವುದು. ಅವನ ಗಾಡಿಯ ಟೈರು ಒಡೆದರೆ ಅಂಗಡಿಯಲ್ಲಿ "ಶುರುವಾಯ್ತು ನೋಡು" ಎಂದರು. "ಟೈರು ಹಳೇದಾಗಿತ್ತು ಕಣ್ರಪ್ಪಾ" ಎಂದು ಅವನು ನಕ್ಕ. ಅವನ ಹಸು ತಿಂಗಳು ತುಂಬದೆ ಸತ್ತ ಕರು ಹಾಕಿದಾಗ ಯಾರೂ ಏನೂ ಅನ್ನಲಿಲ್ಲ, ಅವನೂ ನಗಲಿಲ್ಲ. ಚರ್ಚಿನಲ್ಲಿ ಅವನು ಕೂತ ಬೆಂಚಿನಲ್ಲಿ ಬೇರೆಯವರು ಕೂರುವುದು ನಿಂತಿತು. ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ. ಒಬ್ಬರಿಗೆ ಕಂಬದ ಮರೆ ಬೇಕಿತ್ತು, ಇನ್ನೊಬ್ಬರಿಗೆ ಕಿಟಕಿಯ ಗಾಳಿ ಬೇಕಿತ್ತು.

ನಾನು ಪ್ರತಿ ಭಾನುವಾರ ಅವನಿಗೆ ಊಟ ಕೊಟ್ಟು ಬರುತ್ತಿದ್ದೆ. ಹುರಿದ ಮಾಂಸ, ಆಲೂಗಡ್ಡೆ, ಮೇಲೆ ತಟ್ಟೆ ಮುಚ್ಚಿ. ಬಾಗಿಲು ತೆರೆದವನು ಬಲಗೈ ಮೇಲೆತ್ತಿ, ಬೆರಳು ಆಡಿಸಿ ತೋರಿಸುತ್ತಿದ್ದ.

"ನೋಡ್ಕೊಂಡ್ಯಾ? ಇನ್ನೂ ಆಡ್ತಿದೆ. ಹೋಗಿ ಎಲ್ಲರಿಗೂ ಹೇಳು."

"ಥೂ, ನಾನೇನು ನಿನ್ನ ಕೈ ನೋಡಕ್ಕೆ ಬಂದ್ನಾ? ಊಟ ತಣ್ಣಗಾಗತ್ತೆ, ತಗೋ."

ನೋಡಲೇ ಹೋಗುತ್ತಿದ್ದೆ. ಆ ಕೈ ಆಡುವುದನ್ನು ನೋಡಿದಾಗ ಸಂತೋಷವಾಗುತ್ತಿತ್ತು, ಅದರ ಬೆನ್ನಲ್ಲೇ ಭಯ ಶುರುವಾಗುತ್ತಿತ್ತು. ಇವನಿಂದ ಅವರು ತೆಗೆದುಕೊಂಡಿಲ್ಲ. ಹಾಗಾದರೆ ಯಾರಿಂದ ತೆಗೆದುಕೊಳ್ಳುತ್ತಾರೆ? ಅಲ್ಲಿಂದ ನೇರ ಊನಾಳ ಮನೆಗೆ ಹೋಗಿ ಮಲಗಿದ್ದ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದೆ.

"ಎಬ್ಬಿಸ್ಬೇಡಮ್ಮಾ, ಈಗ ತಾನೇ ಮಲಗಿಸಿದೀನಿ" ಎಂದು ಊನಾ ರೇಗುತ್ತಿದ್ದಳು. ಅವಳು ಓದಿದವಳು, ಕೋಟೆಯ ಮಾತನ್ನೆಲ್ಲ ಅಜ್ಜಿಯರ ಕಾಲದ್ದು ಎನ್ನುವವಳು.

ಜೂನ್ ಕೊನೆಗೆ ಮಗುವಿನ ಜ್ಞಾನಸ್ನಾನವಾಯಿತು. ಪಾದ್ರಿ ನೀರು ಹಾಕಿದಾಗ ಅದು ಚರ್ಚು ಹಾರಿಹೋಗುವಂತೆ ಅತ್ತಿತು. ಗಟ್ಟಿ ಗಂಟಲು, ನನ್ನದೇ. ಮುಗಿಸಿಕೊಂಡು ಎಲ್ಲರೂ ಅಂಗಳಕ್ಕೆ ಬಂದೆವು. ಫಿಂಟನ್ ಊರುಗೋಲಿನ ಮೇಲೆ ಭಾರ ಬಿಟ್ಟು ಸಿಕ್ಕಸಿಕ್ಕವರಿಗೆ ತನ್ನ ಪರಾಕ್ರಮ ಹೇಳುತ್ತಿದ್ದ. ಜಾರ್ಲತ್ ಎಲ್ಲರಿಗಿಂತ ಹಿಂದೆ, ಗೇಟಿನ ಹತ್ತಿರ ನಿಂತಿದ್ದ. ಹೊಸ ಅಂಗಿ, ಗಡ್ಡ ಹೊಡೆದು ಗಲ್ಲ ಕೆಂಪಾಗಿತ್ತು.

"ಅಲ್ಲೇನ್ ಮಾಡ್ತಿದೀಯ ಜಾರ್ಲತ್, ಬಾರೋ ಇಲ್ಲಿ!" ಎಂದು ಊನಾ ಕರೆದಳು. ಮಗು ನನ್ನ ತೋಳಿನಲ್ಲಿತ್ತು. "ಅಮ್ಮಾ, ಅವನ ಕೈಗೆ ಕೊಡು. ಅಪ್ಪನ್ನ ಉಳಿಸಿದೋನು, ಇವಳನ್ನ ಒಂದ್ಸಲಾನೂ ಎತ್ಕೊಂಡಿಲ್ಲ."

ಜಾರ್ಲತ್ ಬಂದ. ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಹೇಗೆ ಹಿಡಿಯುವುದೆಂದು ತಿಳಿಯದವನಂತೆ ಮುಂದೆ ಚಾಚಿದ. ಮುಖದ ತುಂಬ ನಗು. ಅವನು ಹಾಗೆ ನಗುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕೊಡಬೇಕೆಂದೇ ಇದ್ದೆ, ದೇವರಾಣೆ. ಒಂದು ಹೆಜ್ಜೆ ಮುಂದೆಯೂ ಹೋದೆ. ಆದರೆ ಮರ ಕಿತ್ತ ಆ ಎರಡು ಕೈ ಕಂಡು ನನ್ನ ತೋಳು ಬಿಗಿಯಿತು. ಮಗುವನ್ನು ಎದೆಗೆ ಅದುಮಿಕೊಂಡೆ, ಅದು ಕಿರ್ ಎಂದಿತು. ನಾನು ಸಡಿಲಿಸಲಿಲ್ಲ.

"ಅಮ್ಮಾ, ಏನಾಯ್ತು ನಿಂಗೆ? ಕೊಡೇ!" ಎಂದಳು ಊನಾ. ಫಿಂಟನ್‌ನ ಮಾತು ಅರ್ಧಕ್ಕೆ ನಿಂತಿತು. ಸುತ್ತ ಇದ್ದವರೆಲ್ಲ ಇತ್ತ ತಿರುಗಿದರು. ಯಾರೊಬ್ಬರೂ ನನ್ನನ್ನು ಬೈಯಲಿಲ್ಲ.

ಜಾರ್ಲತ್ ನನ್ನ ಕಣ್ಣನ್ನೇ ನೋಡಿದ. ಚಾಚಿದ್ದ ಕೈಯನ್ನು ಮೆಲ್ಲಗೆ ಇಳಿಸಿ ಜೇಬಿಗೆ ಹಾಕಿಕೊಂಡ.

"ಬೇಡ ಬಿಡೇ ಊನಾ" ಎಂದ. "ನನ್ನ ಕೈ ತುಂಬ ತಣ್ಣಗಿದೆ. ಮಗು ಬೆಚ್ಚಿಬೀಳತ್ತೆ."

ಬಿಸಿಲು ಸುಡುತ್ತಿದ್ದ ದಿನ ಅದು. ನಾನು ಮಗುವನ್ನು ಹಾಗೆಯೇ ಅವುಚಿಕೊಂಡು ಕಾರಿನ ಕಡೆ ನಡೆದೆ.